ಕ್ಯಾಮರಾ ತರಬೇಡ ಎಂದ ಶ್ರೀದೇವಿಗೆ

ಹಾವೇರಿ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ಶ್ರೀದೇವಿ,

ನಿನ್ನ ಮುಸರತಳ ಸಲಾಮು. ನೀನೂ ನಿಮ್ಮ ಯಜಮಾನರೂ, ಹೊಟ್ಟೆಯೊಳಗಿರುವ ಹೊಸ ಮನುಷ್ಯನೂ ಬಾಗಲಕೋಟೆಯಲ್ಲಿ ಸುಖವಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ಇಲ್ಲಿ ನಾನು, ನಮ್ಮ ಯಜಮಾನ ನಯಾಜ, ನಮ್ಮತ್ತೆ ಜೈತೂನಬಿ ಮೂವರೂ ಆರಾಮ. ಮಗಳು ಅಲ್ಮಾಸಳಿಗೆ ಎರಡು ವರ್ಷ ತುಂಬಿ ಎರಡು ತಿಂಗಳಾಯಿತು. ನಿನ್ನೆ ಅಜ್ಜಿಯ ಕನ್ನಡಕವನ್ನು ಒಯ್ದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಇಡೀ ಮನೆ ಅರ್ಧ ದಿನ ಹುಡುಕಿತು. ಅವಳೂ ನಮ್ಮ ಜೊತೆ ಮಂಚದ ಕೆಳಗೆಲ್ಲ ಬಗ್ಗಿ ಬಗ್ಗಿ ಹುಡುಕಿದಳು.

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ತಡವಾದದ್ದಕ್ಕೆ ಮಗುವಿನ ನೆಪ ಹೇಳಬಹುದಿತ್ತು. ಸಣ್ಣ ಮಗು ಇರುವ ಮನೆಯಲ್ಲಿ ಆ ನೆಪ ಯಾವಾಗಲೂ ಕೈಗೆ ಸಿಗುವ ಹಾಗಿರುತ್ತದೆ, ಯಾರೂ ತಿರುಗಿ ಕೇಳುವುದೂ ಇಲ್ಲ. ಆದರೆ ನಿನ್ನ ಮುಂದೆ ಅದು ನಡೆಯುವುದಿಲ್ಲ, ಖರೇ ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಫೋನು ಮಾಡಿ ಜಗಳ ತೆಗೆಯಬಹುದಿತ್ತು, ಆದರೆ ಹಾಸ್ಟೆಲಿನ ದಿನಗಳಿಂದ ನಮ್ಮ ಜಗಳವೆಲ್ಲ ಕಾಗದದಲ್ಲೇ ಆದದ್ದು, ಈಗೇಕೆ ಪದ್ಧತಿ ಬಿಡಬೇಕು?

ಸೀಮಂತ ಎನ್ನದೆ ಕುಬಸ ಎಂದೇ ಅಚ್ಚು ಹಾಕಿಸಿದ ಕಾರ್ಡು ಚೆನ್ನಾಗಿದೆ. ಫೆಬ್ರುವರಿ ಇಪ್ಪತ್ಮೂರು, ಭಾನುವಾರ, ರಾಣೆಬೆನ್ನೂರು. ಅದರ ಕೆಳಗೆ ನಿನ್ನ ಕೈಬರಹದಲ್ಲಿ ಒಂದು ಸಾಲು: "ಮುಸರತ್, ಈ ಸಲ ಕ್ಯಾಮರಾ ತರಬ್ಯಾಡ. ಮಗಳನ್ನ ಕರಕೊಂಡು ಸುಮ್ನ ಉಣ್ಣಾಕ ಬಾ." ನಯಾಜನಿಗೆ ಓದಿ ಹೇಳಿದೆ. ನಮ್ಮ ಮನೆಯ ಮಾತು ಉರ್ದು, ನಿನಗಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದೇನೆ. "ಎಷ್ಟ್ ಛಲೋ ಹುಡುಗಿ ನೋಡು, ನಿನಗ ತ್ರಾಸ ಆಗಬಾರದಂತ ಬರದಾಳ" ಅಂದ. ಅತ್ತೆ, "ಮತ್ತೇನು, ಕೂಸಿನ್ನ ಕಂಕುಳಾಗ ಇಟಗೊಂಡು ಹೆಂಗ ತಗೀತಿ?" ಅಂದರು. ಕಾರ್ಡನ್ನು ಷೋಕೇಸಿನ ಗಾಜಿಗೆ ಸಿಕ್ಕಿಸಿಟ್ಟೆ. ಅದರ ಮುಂದೆ ಹಾದುಹೋದಾಗಲೆಲ್ಲ ಆ ಒಂದು ಸಾಲೇ ಕಣ್ಣಿಗೆ ಬೀಳುತ್ತಿತ್ತು.

ನನಗೆ ತ್ರಾಸವಾದೀತು ಎಂದು ಯೋಚಿಸುವ ಹೆಣ್ಣು ನೀನಲ್ಲ. ನಿನ್ನ ದಪ್ಪ ಪುಸ್ತಕದ ಚೀಲವನ್ನು ಆರು ವರ್ಷ ನನ್ನಿಂದ ಹೊರಿಸಿದವಳು ನೀನು. ಆ ಸಾಲು ನೀನು ಯಾಕೆ ಬರೆದೆ ಎಂದು ನನಗೆ ಗೊತ್ತಿದೆ. ಮೂರು ವರ್ಷದ ಹಿಂದೆ ನಿನ್ನ ಮದುವೆಯ ಫೋಟೋ ತೆಗೆದವಳು ನಾನು, ಒಂದು ಫೋಟೋವನ್ನೂ ನಿನ್ನ ಕೈಗೆ ಕೊಡದವಳೂ ನಾನೇ. ಫೋಟೋ ತುಂಬಿದ ಕಾರ್ಡು ಕೆಟ್ಟಿತು ಎಂದೆ. "ಇರ್ಲಿ ಬಿಡು" ಎಂದೆ ನೀನು. ಹತ್ತೊಂಬತ್ತನೇ ದಿನಕ್ಕೆ ನಿನ್ನ ಅಪ್ಪ ಪ್ರಭುಲಿಂಗಪ್ಪ ಕಾಕಾ ತೀರಿಕೊಂಡರು. ಆಗಲೂ ನೀನು ಆ ಫೋಟೋಗಳ ಮಾತು ಎತ್ತಲಿಲ್ಲ. ಮೂರು ವರ್ಷದಲ್ಲಿ ನೀನು ಆ ವಿಷಯಕ್ಕೆ ಆಡಿದ ಮೊದಲ ಮಾತು ಈ ಸಾಲು.

ಅದಕ್ಕೇ ನೇರವಾಗಿ ಕೇಳುತ್ತೇನೆ. ನಿನ್ನ ಕುಬಸಕ್ಕೆ ನಾನು ಕ್ಯಾಮರಾ ತರಬೇಕು, ಅನುಮತಿ ಕೊಡು. ಸುಮ್ಮನೆ ಕೇಳಿದರೆ ಮತ್ತೆ "ಇರ್ಲಿ ಬಿಡು" ಎಂದು ಮುಗಿಸುತ್ತೀ. ಆದ್ದರಿಂದ ಮೊದಲು ಈ ಮೂರು ತಿಂಗಳ ಸುದ್ದಿ ಪೂರ್ತಿ ಓದು, ಆಮೇಲೆ ಹೌದೋ ಅಲ್ಲವೋ ಹೇಳು. ಲಕೋಟೆಯಲ್ಲಿ ಮೂರು ಫೋಟೋ ಇಟ್ಟಿದ್ದೇನೆ, ಓದುತ್ತಾ ಒಂದೊಂದೇ ತೆಗೆದು ನೋಡು. ಎಲ್ಲ ಒಟ್ಟಿಗೆ ನೋಡಬೇಡ, ನಿನಗೆ ಆ ಚಟ ಇದೆ.

ನಿನ್ನ ಮದುವೆಯಾದ ವಾರದಲ್ಲೇ ನಾನು ಕ್ಯಾಮರಾವನ್ನು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟೆ. ಆಗ ಅಲ್ಮಾಸ ಹೊಟ್ಟೆಯಲ್ಲಿದ್ದಳು, ಹಾಗಾಗಿ ಯಾರೂ ಕಾರಣ ಕೇಳಲಿಲ್ಲ. ಹಾವೇರಿಯಿಂದ ಹಿರೇಕೆರೂರಿನವರೆಗೆ ಮುಸಲ್ಮಾನರ ಮದುವೆಗಳಲ್ಲಿ ಹೆಣ್ಣುಮಕ್ಕಳ ಕಡೆಯ ಫೋಟೋಕ್ಕೆ ನನ್ನನ್ನೇ ಕರೆಯುತ್ತಿದ್ದರು, ಆ ಕಡೆ ಗಂಡಸು ಕ್ಯಾಮರಾ ಹಿಡಿದು ಹೋಗುವ ಹಾಗಿಲ್ಲವಲ್ಲ. ಮಗಳು ಹುಟ್ಟಿದ ಮೇಲೂ ಕರೆಗಳು ಬಂದವು. "ಕೂಸು ಸಣ್ಣದೈತ್ರಿ" ಎನ್ನುತ್ತಿದ್ದೆ. ಕೂಸು ನಡೆಯತೊಡಗಿತು, ಓಡತೊಡಗಿತು, ನನ್ನ ಉತ್ತರ ಮಾತ್ರ ಅದೇ ಇತ್ತು.

ನವೆಂಬರಿನಲ್ಲಿ ಅತ್ತೆ ಚಳಿಗೆ ಹೊದೆಯುವ ಕೌದಿ ತೆಗೆಯಲು ಕಪಾಟು ಹತ್ತಿದರು. ಕ್ಯಾಮರಾದ ಚೀಲಕ್ಕೆ ಮುಗ್ಗಲು ವಾಸನೆ ಹಿಡಿದಿತ್ತಂತೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದು ಅವರಿಗೆ ನೆನಪಿತ್ತು. ನನಗೆ ಒಂದು ಮಾತೂ ಹೇಳದೆ ಕ್ಯಾಮರಾವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದುಬಿಟ್ಟರು. ಮೂರನೇ ದಿನ ಅನ್ನಕ್ಕೆ ಅಕ್ಕಿ ತೆಗೆಯಲು ಕೈ ಹಾಕಿದರೆ ಲೆನ್ಸು ಕೈಗೆ ಬಂತು. ನಾನು ಕೂಗಾಡಿದೆ. ಅತ್ತೆ ಶಾಂತವಾಗಿ, "ಹೊರಗ ತಗದೀಯಲಾ, ಈಗ ಒಮ್ಮಿ ಚಾಲೂ ಮಾಡಿ ನೋಡು" ಅಂದರು. ಒಳ್ಳೆಯ ಪಾಟೀ ಸವಾಲು ಮಾಡಬೇಕೆಂದು ಬಾಯಿ ತೆರೆದೆ, ಆದರೆ ಕೈ ಆಗಲೇ ಅಕ್ಕಿ ಝಾಡಿಸುತ್ತಿತ್ತು. ಬ್ಯಾಟರಿ ಚಾರ್ಜಿಗೆ ಹಾಕಿ, ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಲ್ಮಾಸಳ ಕಡೆ ತಿರುಗಿಸಿ ಒಂದು ಸಲ ಒತ್ತಿದೆ. ಆ ಸದ್ದಿಗೆ ಅವಳು ನಕ್ಕು "ಮತ್ತ" ಅಂದಳು. ಬ್ಯಾಟರಿ ಮುಗಿಯುವವರೆಗೆ "ಮತ್ತ" ಅನ್ನುತ್ತಲೇ ಇದ್ದಳು.

ಇನ್ನು ನನ್ನ ದೊಡ್ಡ ದಂಡಯಾತ್ರೆಯ ಕತೆ. ಮತ್ತೆ ಶುರುಮಾಡುವುದಾದರೆ ಜೋರಾಗಿಯೇ ಶುರುಮಾಡೋಣ ಎಂದು ನಯಾಜ ಬೈಕು ತೆಗೆದ. "ಬ್ಯಾಡಗಿಗೆ ಹೋಗೂಣು ನಡಿ. ಸೀಜನ್ ಐತಿ, ನೆಲದ ತುಂಬ ಮೆಣಸಿನಕಾಯಿ ಕೆಂಪಗ ಹಾಸಿರ್ತಾರ. ಊರ ಊರಿಂದ ಫೋಟೋ ತಗಿಯಾಕ ಬರ್ತಾರ ಅಲ್ಲಿಗೆ." ಬರುತ್ತಾರೆ, ನಾನೂ ಮದುವೆಗೆ ಮೊದಲು ಹತ್ತು ಸಲ ಹೋಗಿದ್ದೆ. ನನ್ನ ಹತ್ತಿರ ಇರುವ ಕೆಂಪು ರಾಶಿಯ ಫೋಟೋಗಳಿಗೂ ಬೇರೆ ಯಾರ ಫೋಟೋಗಳಿಗೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ಹೋದೆವು. ಕಣದ ಹತ್ತಿರ ಬೈಕು ನಿಲ್ಲಿಸುವಷ್ಟರಲ್ಲಿ ಅಲ್ಮಾಸ ಸೀನತೊಡಗಿದಳು, ಐದು ನಿಮಿಷಕ್ಕೆ ಕಣ್ಣು ಮೂಗು ಎಲ್ಲ ಧಾರಾಕಾರ. ಎತ್ತಿಕೊಂಡು ಓಡಿದೆ. ಒಂದೇ ಒಂದು ಮೆಣಸಿನಕಾಯಿಯ ಫೋಟೋ ತೆಗೆಯದೆ ಬ್ಯಾಡಗಿಯಿಂದ ಬಂದವಳು ನಾನೊಬ್ಬಳೇ ಇರಬೇಕು.

ಬಸ್‌ಸ್ಟ್ಯಾಂಡಿನ ನಲ್ಲಿಯ ಹತ್ತಿರ ಕೂಸಿನ ಮುಖ ಒರೆಸುತ್ತಿದ್ದಾಗ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೂಗಿದಳು. "ಯವ್ವಾ, ಒರಸಬ್ಯಾಡ, ಒರಸಿದ್ರ ಹೆಚ್ಚ ಉರೀತದ. ಬರೇ ನೀರ ಹಾಕು. ಕೂಸಿನ್ನ ಇತ್ತಾಗ ಕೊಡು, ನೀ ಬಾಟ್ಲಿ ತುಂಬ್ಕೋ." ಹೆಸರು ನೀಲಗಂಗವ್ವ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಬರುವವಳು. ಅಲ್ಮಾಸಳನ್ನು ಅವಳು ಎತ್ತಿಕೊಂಡ ರೀತಿ ನೋಡಿ ನಾನು ಬಾಟಲಿ ಮರೆತೆ. ಎರಡು ಮೊಣಕೈಗಳ ನಡುವೆ ಕೂಸನ್ನು ಅಪ್ಪಿಹಿಡಿದು, ಅಂಗೈಗಳನ್ನು ಮಾತ್ರ ದೂರಕ್ಕೆ, ಗಾಳಿಯಲ್ಲಿ, ಈಗಷ್ಟೇ ಮೆಹಂದಿ ಹಚ್ಚಿದವಳ ಹಾಗೆ ಚಾಚಿದ್ದಳು. "ಈ ಕೈ ಕೂಸಿಗೆ ಹಚ್ಚಬಾರ್ದವ್ವ. ಎಣ್ಣಿ ಹಚ್ಚಿ ತೊಳಕೊಂಡ್ರೂ ಖಾರ ಹೋಗಂಗಿಲ್ಲ. ನನ್ನ ಮೊಮ್ಮಕ್ಕಳನ್ನೂ ಹಿಂಗ ಎತಗೋತೇನಿ" ಅಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ತೆಗೆದೆ. "ನನ್ನ ಮಾರಿ ಬಂತೇನ?" ಅಂತ ಕೇಳಿದಳು. ಮುಖ ಬರಲಿಲ್ಲ, ಕೈ ಬಂದವು ಎಂದೆ. "ಅಯ್ಯ ನಿನ್ನ, ಕೈದ್ದು ಯಾರರ ಫೋಟೋ ತಗೀತಾರನು!" ಎಂದು ಬಸ್ಸು ಬರುವವರೆಗೂ ನಕ್ಕಳು. ಅದು ಮೊದಲನೇ ಫೋಟೋ, ಈಗ ತೆಗೆದು ನೋಡು.

ಆ ದಿನದಿಂದ ನಾನು ಎಲ್ಲಿಗೂ ಫೋಟೋ ತೆಗೆಯಲು ಹೋಗುವುದನ್ನು ಬಿಟ್ಟೆ. ಅಲ್ಮಾಸ ಎಲ್ಲಿಗೆ ಹೋಗುತ್ತಾಳೋ ಅಲ್ಲಿಗೆ ಹೋಗುತ್ತೇನೆ. ನಮ್ಮ ಮನೆಯಿಂದ ಹೊಳಿಯಪ್ಪನ ಗಿರಣಿ ಇನ್ನೂರು ಹೆಜ್ಜೆ. ನಾನೊಬ್ಬಳೇ ಹೋದರೆ ಮೂರು ನಿಮಿಷ, ಅವಳ ಜೊತೆ ಮುಕ್ಕಾಲು ತಾಸು. ಒಂದು ಇರುವೆ ಸಾಲಿಗೆ ಹತ್ತು ನಿಮಿಷ, ಗಟಾರದ ಮೇಲಿನ ಕಲ್ಲಿಗೆ ಐದು, ಯಾರದೋ ಮನೆಯ ಮುಂದೆ ಒಣಹಾಕಿದ ಹಪ್ಪಳಕ್ಕೆ ಎಷ್ಟು ಅಂತ ಹೇಳಲಾರೆ. ಕೃಷ್ಣಮೃಗದ ಫೋಟೋಕ್ಕೆಂದು ರಾಣೆಬೆನ್ನೂರಿನ ಅಡವಿಯಲ್ಲಿ ಹಸಿರು ಟೋಪಿ ಹಾಕಿಕೊಂಡು ದಿನಗಟ್ಟಲೆ ಕಾಯುವ ಸಾಹೇಬರು ತಮ್ಮ ತಾಳ್ಮೆಯ ಬಗ್ಗೆ ಭಾಷಣ ಮಾಡುತ್ತಾರಲ್ಲ, ಅವರನ್ನು ಒಂದು ದಿನ ಕರೆದು ಎರಡು ವರ್ಷದ ಹುಡುಗಿ ತಾನೇ ಚಪ್ಪಲಿ ಹಾಕಿಕೊಳ್ಳುವವರೆಗೆ ಕಾಯಲು ಹೇಳಬೇಕು.

ಗಿರಣಿಯ ಮುಂದೆ ನಾನು ನಾಲ್ಕು ವರ್ಷ ಸ್ಕೂಟಿಯಲ್ಲಿ ಹಾದುಹೋಗಿದ್ದೇನೆ, ಒಳಗೆ ನೋಡಿರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ತಗಡಿನ ತೂತುಗಳಿಂದ ಬಿಸಿಲು ಇಳಿಯುತ್ತದೆ, ಹಿಟ್ಟಿನ ಧೂಳು ಅದರಲ್ಲಿ ನಿಧಾನಕ್ಕೆ ತಿರುಗುತ್ತಿರುತ್ತದೆ. ಅಲ್ಮಾಸ ಕಟ್ಟೆಯ ಮೇಲಿನ ಹಿಟ್ಟಿನಲ್ಲಿ ಬೆರಳಾಡಿಸುತ್ತಾ ಕೂತಳು. ನಾನು ಕ್ಯಾಮರಾ ಎತ್ತಿದ್ದು ಕಂಡು ಹೊಳಿಯಪ್ಪ ಗಡಬಡಿಸಿದ. "ತಡೀರಿ ಮುಸರತಬಾಯರ, ಮೈಮ್ಯಾಗಿನ ಹಿಟ್ಟು ಝಾಡಿಸಿಕೊಂಡು, ತಲಿ ಬಾಚ್ಕೊಂಡು ಬರ್ತೇನಿ." ಹಿಂದಿನ ಮುಸರತ ಆಗಿದ್ದರೆ ಹೌದು ಝಾಡಿಸಿಕೊಂಡು ಬರ್ರಿ, ಗದ್ದ ಎತ್ರಿ, ಸ್ವಲ್ಪ ನಗ್ರಿ ಎಂದು ಅಪ್ಪಣೆ ಕೊಡುತ್ತಿದ್ದಳು. ಈಗ ಬೇಡವೆಂದೆ. ಅವನು ಕೇಳಲಿಲ್ಲ, ಒಂದು ತೋಳನ್ನು ಝಾಡಿಸಿಕೊಂಡೇಬಿಟ್ಟ. ಎರಡನೇ ಫೋಟೋದಲ್ಲಿ ಒಂದು ತೋಳು ಕಪ್ಪು, ಇನ್ನೊಂದು ತೋಳು ಬಿಳಿ ಇರುವವನು ಅವನೇ. ಪಕ್ಕದಲ್ಲಿ ಎರಡೂ ಕಡೆ ಬಿಳಿಯಾಗಿರುವವಳು ನನ್ನ ಮಗಳು.

ಮೂರನೆಯದು ಹಾವೇರಿ ಬಸ್‌ಸ್ಟ್ಯಾಂಡು. ಅಲ್ಮಾಸಳಿಗೆ ಬಸ್ಸುಗಳ ಹುಚ್ಚು, ವಾರಕ್ಕೆ ಎರಡು ಸಲ ಕರೆದೊಯ್ಯದಿದ್ದರೆ ಉಪವಾಸ ಸತ್ಯಾಗ್ರಹ. ಕರ್ಜಗಿ ಬಸ್ಸು ಬಂದಾಗ ನೂಕುನುಗ್ಗಲು ನಿನಗೆ ಗೊತ್ತೇ ಇದೆ, ಕಿಟಕಿಯೊಳಗೆ ಟವೆಲ್ಲು, ಚೀಲ, ಕರವಸ್ತ್ರ ಎಸೆದು ಸೀಟು ಹಿಡಿಯುವುದು. ಒಬ್ಬ ತಾಯಿಯ ಹತ್ತಿರ ಟವೆಲ್ಲು ಇರಲಿಲ್ಲ. ಕಿಟಕಿಯಿಂದ ತನ್ನ ಮೂರು ವರ್ಷದ ಮಗನನ್ನೇ ಒಳಗೆ ಇಳಿಸಿ ಸೀಟಿನ ಮೇಲೆ ಕೂರಿಸಿದಳು. "ಯಾರರ ಬಂದ್ರ ಎದ್ದೇಳಬ್ಯಾಡ ನೋಡು" ಎಂದು ಕೂಗಿ ಬಾಗಿಲಿಗೆ ಓಡಿದಳು. ಆ ಪೋರ ಎರಡೂ ಕೈ ಅಗಲಿಸಿ, ಇಡೀ ಸೀಟಿನ ಒಡೆಯನಾಗಿ ಕೂತಿದ್ದ. ನಾನು ತೆಗೆದೆ. ನನ್ನ ಮಗಳು ತನ್ನನ್ನೂ ಕಿಟಕಿಯಿಂದ ಹಾಕು ಎಂದು ನೆಲಕ್ಕೆ ಬಿದ್ದು ಹೊರಳಾಡಿದಳು, ಅದನ್ನು ತೆಗೆಯಲಿಲ್ಲ.

ಅಲ್ಮಾಸ ನಿದ್ದೆಯಿಂದ ಎದ್ದಳು, ಕರೆಯುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸಿ ನಾಳೆ ಮುಂದುವರಿಸುತ್ತೇನೆ.

ಗುರುವಾರ, ಮಧ್ಯಾಹ್ನ

ನಿನ್ನೆ ಬರೆದದ್ದನ್ನು ಓದಿ ನೋಡಿದೆ. ಜಂಭ ಸ್ವಲ್ಪ ಜಾಸ್ತಿಯಾಗಿದೆ, ಆದರೆ ಹೊಡೆದುಹಾಕುವುದಿಲ್ಲ. ಈ ಮೂರು ಫೋಟೋ ಚೆನ್ನಾಗಿವೆ ಎಂದು ನನಗೆ ಗೊತ್ತಿದೆ, ನಿನಗೂ ಈಗ ಗೊತ್ತಾಗಿರಬೇಕು. ಮದುವೆಯ ಕೆಲಸ ಮಾಡುವಾಗ ನನ್ನ ಕಣ್ಣು ಸೀರೆ, ಒಡವೆ, ವೇದಿಕೆ ಇಷ್ಟರ ಮೇಲೆಯೇ ಇರುತ್ತಿತ್ತು. ಈಗ ಎಡಗಂಕುಳಲ್ಲಿ ಕೂಸು, ಬಲಗೈಯಲ್ಲಿ ಒಂದು ಸಣ್ಣ ಲೆನ್ಸು, ಅಷ್ಟೇ. ಹೇಳಿದ ಹಾಗೆ ಕೇಳುವವರು ಯಾರೂ ಇಲ್ಲ, ಆದ್ದರಿಂದ ನೋಡಲು ಕಲಿತೆ.

ಒಂದು ಸುದ್ದಿ ಹೇಳುವುದು ಬಾಕಿ ಇದೆ. ಸಂಕ್ರಾಂತಿಯಾದ ಮೇಲಿನ ವಾರ ರಾಣೆಬೆನ್ನೂರಿನಲ್ಲಿ ಅಮ್ಮೀ ಮನೆಯಲ್ಲಿದ್ದೆ. ಅಲ್ಮಾಸಳನ್ನು ಸಂಜೆ ನಡೆಸಿಕೊಂಡು ಹೊರಟರೆ ಅವಳು ಬೇರೆಲ್ಲೂ ಹೋಗದೆ ನಿಮ್ಮ ಬೀಜದ ಅಂಗಡಿಯ ಮುಂದೆಯೇ ಕೂತಳು. ಚೀಲದಿಂದ ಚೆಲ್ಲಿದ ಗುಲಾಬಿ ಬಣ್ಣದ ಗೋವಿನಜೋಳದ ಕಾಳು ಅವಳಿಗೆ ಪೆಪ್ಪರಮೆಂಟಿನ ಹಾಗೆ ಕಂಡಿರಬೇಕು. ಹೆಕ್ಕಿ ಬಾಯಿಗೆ ಒಯ್ಯುವಷ್ಟರಲ್ಲಿ ನಿನ್ನ ತಮ್ಮ ರುದ್ರಮುನಿ ಗಲ್ಲಾಪೆಟ್ಟಿಗೆ ಬಿಟ್ಟು ಹಾರಿ ಬಂದ. "ಏ ಪುಟ್ಟಿ, ಬಾಯಾಗ ಹಾಕ್ಕೋಬ್ಯಾಡ! ಔಷಧಿ ಹಚ್ಚಿದ್ದೈತಿ ಅದು!" ಅವನೇ ಅವಳನ್ನು ಎತ್ತಿ ಒಳಗೆ ಒಯ್ದು ಕೈ ತೊಳೆಸಿದ, ನನಗೆ ಚಹಾ ತರಿಸಿದ. ಬಾಯಿಗೆ ಒಂದು ಕಾಳೂ ಹೋಗಿರಲಿಲ್ಲ, ಹೆದರಬೇಡ.

ಒಳಗೆ ಗೋಡೆಯ ಮೇಲೆ ಕಾಕಾನ ಫೋಟೋ. ಎಂದೋ ಲೈಸೆನ್ಸಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದಾರೆ. ಅಂಚೆಲ್ಲ ಮಸುಕು. ಸ್ಟುಡಿಯೋದವನು ಅಲುಗಾಡಬೇಡಿ ಎಂದು ಗದರಿಸಿರಬೇಕು, ಕಾಕಾ ಯಾರದೋ ತಪ್ಪಿಗೆ ತಾವು ಸಿಕ್ಕಿಬಿದ್ದವರ ಹಾಗೆ ನೋಡುತ್ತಿದ್ದಾರೆ. ರುದ್ರಮುನಿ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದ. "ಇದೊಂದ ಸಿಕ್ಕಿದ್ದು ನೋಡ್ರಿ ಮುಸರತಕ್ಕ. ಅಪ್ಪಾರು ಹಿಂಗ ಇರಲಿಲ್ಲ, ಹೌದಲ್ರೀ?" ಇರಲಿಲ್ಲ ಎಂದೆ. ಅವನು ಮಾತಿಗೆ ಹೇಳಿದ, ಚುಚ್ಚಬೇಕೆಂದಲ್ಲ. ನಿನ್ನ ಮದುವೆಯ ದಿನ ನೂರು ಜನ ಮೊಬೈಲು ಹಿಡಿದಿದ್ದರು. ಎಲ್ಲರೂ ನಿನ್ನನ್ನು ತೆಗೆದರು, ಊಟವನ್ನು ತೆಗೆದರು, ತಮ್ಮನ್ನು ತೆಗೆದುಕೊಂಡರು. ಕಾಕಾ ಅಡುಗೆಯವರ ಹಿಂದೆ, ಬಂದವರ ಹಿಂದೆ ಓಡಾಡುತ್ತಲೇ ಇದ್ದರು, ಯಾರ ಫೋನಿನಲ್ಲೂ ಉಳಿಯಲಿಲ್ಲ. ಕ್ಯಾಮರಾ ನನ್ನ ಹೆಗಲಲ್ಲೇ ಇತ್ತು, ಆದರೆ ಆ ಅಂಗಡಿಯಲ್ಲಿ ನಾನು ಏನನ್ನೂ ತೆಗೆಯಲಿಲ್ಲ. ಚಹಾ ಕುಡಿದು ಬಂದೆ.

ಅಲ್ಲಿಂದ ಬರುವಾಗಲೇ ತೀರ್ಮಾನ ಮಾಡಿದ್ದೆ, ನಿಮ್ಮ ಮನೆಯ ಮುಂದಿನ ಶುಭಕಾರ್ಯ ನಾನೇ ತೆಗೆಯಬೇಕು ಎಂದು. ನಾಲ್ಕು ದಿನಕ್ಕೆ ನಿನ್ನ ಕಾರ್ಡು ಬಂತು, ತರಬೇಡ ಎಂಬ ಸಾಲಿನ ಜೊತೆ.

ಈಗ ಕೇಳು, ನಾನು ಏನು ತೆಗೆಯುತ್ತೇನೆ ಎಂದು. ಹಸಿರು ಸೀರೆ ಉಟ್ಟು ಕುರ್ಚಿಯ ಮೇಲೆ ಗೊಂಬೆಯ ಹಾಗೆ ಕೂತ ಶ್ರೀದೇವಿಯನ್ನು ಯಾರು ಬೇಕಾದರೂ ತೆಗೆಯಲಿ. ಬಳೆಗಾರ್ತಿ ನಿನ್ನ ಊದಿದ ಕೈಗೆ ಬಳೆ ಏರಿಸುವಾಗ ನೀನು ಮುಖ ಕಿವುಚುತ್ತೀಯಲ್ಲ, ಅದು ನನಗೆ ಬೇಕು. ನಿಮ್ಮವ್ವ ಉಡಿ ತುಂಬುವ ಮೊದಲು ಅಡುಗೆ ಮನೆಯಲ್ಲಿ ಒಂದು ಕ್ಷಣ ಒಬ್ಬರೇ ನಿಲ್ಲುತ್ತಾರೆ, ನಿಂತೇ ನಿಲ್ಲುತ್ತಾರೆ, ಅದು ಬೇಕು. ಈ ಕೆಲಸಕ್ಕೆ ಅಲ್ಮಾಸಳೂ ಬರುತ್ತಾಳೆ, ಅವಳಿಲ್ಲದೆ ನನಗೆ ಈಗ ಏನೂ ಕಾಣುವುದಿಲ್ಲ. ಹೋಳಿಗೆಯ ಪಾತ್ರೆಯಲ್ಲಿ ಯಾರ ಕನ್ನಡಕ ಸಿಕ್ಕರೂ ಸಿಟ್ಟಾಗಬೇಡ. ಫೋಟೋಗಳನ್ನು ಅದೇ ದಿನ, ನಿಮ್ಮ ಮನೆಯಲ್ಲೇ, ರುದ್ರಮುನಿಯ ಕಂಪ್ಯೂಟರಿಗೆ ಹಾಕಿಯೇ ಮನೆಗೆ ಹೊರಡುತ್ತೇನೆ. ಇದು ನನ್ನ ಮಾತು.

ಹುಷಾರಾಗಿರು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡ. ಶಾಲೆಯ ಮಕ್ಕಳ ಮೇಲೆ ಕೂಗಾಡುವುದನ್ನು ಸ್ವಲ್ಪ ದಿನ ಬೇರೆ ಟೀಚರಿಗೆ ವಹಿಸು. ಖಾರ ತಿನ್ನಬೇಕೆನಿಸಿದರೆ ತಿನ್ನು, ಯಾರ ಮಾತೂ ಕೇಳಬೇಡ. ಹೊಟ್ಟೆಯೊಳಗಿನ ಕೂಸಿಗೆ ನೂರು ವರ್ಷ ಆಯಸ್ಸು ಇರಲಿ, ನಿನ್ನ ಹಟ ಬರಲಿ, ನಿನ್ನ ಕೈಬರಹ ಮಾತ್ರ ಬಾರದಿರಲಿ. ನಮ್ಮತ್ತೆ ನಿನಗೆ ದುವಾ ಹೇಳಿದ್ದಾರೆ. ಅಲ್ಮಾಸ ಈ ಕಾಗದದ ಮೂಲೆಯಲ್ಲಿ ಗೀಚಿದ್ದಾಳೆ, ಅದು ನಿನ್ನ ಚಿತ್ರವಂತೆ.

ಎಂದೆಂದಿಗೂ ನಿನ್ನವಳೇ ಆದ,
ಮುಸರತ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಶ್ರೀ. ಮತ್ತೆ ಹರಿದೆ. ಇಷ್ಟೆಲ್ಲ ಬರೆದೂ ಬರೆಯದೆ ಬಿಟ್ಟದ್ದು ಒಂದಿದೆ, ಅದನ್ನು ಬರೆಯದೆ ಅನುಮತಿ ಕೇಳಿದರೆ ಅದು ಮೋಸ.

ಕಾರ್ಡು ಕೆಟ್ಟಿರಲಿಲ್ಲ. ನಿನ್ನ ಮದುವೆಯ ಫೋಟೋಗಳನ್ನು ನಾನೇ ಅಳಿಸಿದೆ.

ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣುಮಕ್ಕಳ ಫೋಟೋ ಬೇರೆಯವರ ಕೈಗೆ ಹೋಗಬಾರದು ಎಂಬ ಭಯ ಇರುತ್ತದೆ. ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟ ಮೇಲೆ ಮದುಮಗಳ ತಾಯಿಯ ಮುಂದೆ ಕೂತು, ಅವರ ಕಣ್ಣೆದುರೇ ಕಾರ್ಡನ್ನು ಖಾಲಿ ಮಾಡುತ್ತಿದ್ದೆ. ನನ್ನ ಹೆಸರು ಬೆಳೆದದ್ದೇ ಇದರಿಂದ. ನಿನ್ನ ಮದುವೆಯ ಮರುದಿನ ಬೆಳಿಗ್ಗೆ ಹಾವೇರಿಯಲ್ಲಿ ಹಿಂದಿನ ವಾರದ ಒಂದು ನಿಕಾಹ್‌ನ ಫೋಟೋ ಕೊಡಬೇಕಿತ್ತು. ಎರಡೂ ಕಾರ್ಡು ಒಂದೇ ಚೀಲದಲ್ಲಿದ್ದವು, ನೋಡಲು ಒಂದೇ ಥರ. ನಾನು ಬಸುರಿ, ಬಸ್ಸಿನಲ್ಲಿ ಎರಡು ಸಲ ವಾಂತಿಯಾಗಿತ್ತು, ಆದರೆ ಅದು ಕಾರಣವಲ್ಲ. ಕಾರಣ ನನ್ನ ಜಂಭ. ಕೋಣೆಯ ತುಂಬ ಹೆಂಗಸರು ನೋಡುತ್ತಿದ್ದರು. ಕೈಗೆ ಸಿಕ್ಕ ಕಾರ್ಡನ್ನು ಹಾಕಿ, ಒಳಗೇನಿದೆ ಎಂದು ನೋಡದೆ, ಕ್ಯಾಮರಾದ ಬೆನ್ನನ್ನು ಅವರ ಕಡೆ ತಿರುಗಿಸಿ ಒತ್ತಿಬಿಟ್ಟೆ. "ನೋಡ್ರಿ ಖಾಲಾ, ಒಂದೂ ಉಳಿದಿಲ್ಲ" ಎಂದೆ. ಎಲ್ಲರೂ ಶಭಾಷ್ ಅಂದರು, ಶರಬತ್ತು ಕೊಟ್ಟರು. ಮರುದಿನ ಅದೇ ಕಾರ್ಡಿನಲ್ಲಿ ಇನ್ನೊಂದು ಮನೆಯ ವಲೀಮಾ ಔತಣ ಪೂರ್ತಿ ತೆಗೆದೆ. ಮೂರನೇ ದಿನ ಗೊತ್ತಾಯಿತು. ಹುಬ್ಬಳ್ಳಿ‌ಗೆ ಹೋಗಿ ಕಂಪ್ಯೂಟರಿನವರ ಕೈಯಿಂದ ಅಳಿದದ್ದನ್ನು ಹೊರತೆಗೆಸಿ ನೋಡಿದೆ. ಸಿಕ್ಕದ್ದು ಹನ್ನೊಂದು ಅರ್ಧರ್ಧ ಚಿತ್ರ, ಎಲ್ಲ ಊಟದ ಎಲೆಗಳು.

ನಿನಗೆ ಕಾರ್ಡು ಕೆಟ್ಟಿತು ಎಂದೆ. ನಿಜ ಹೇಳಲು ಒಂದು ವಾರ ಬೇಕು ಅಂದುಕೊಂಡೆ. ಅಷ್ಟರಲ್ಲಿ ಕಾಕಾ ಹೋದರು, ಆಮೇಲೆ ಬಾಯಿ ಬರಲಿಲ್ಲ. ಕ್ಯಾಮರಾ ಬಿಟ್ಟದ್ದು ಮಗಳಿಗಾಗಿ ಎಂದು ಎಲ್ಲರೂ ಅಂದುಕೊಂಡರು, ನಾನು ಸುಮ್ಮನಿದ್ದೆ. ಎರಡೂವರೆ ವರ್ಷ ನನ್ನ ಕೂಸಿನ ಹಿಂದೆ ಅಡಗಿಕೊಂಡೆ. ನಯಾಜನಿಗೂ ಇದು ಗೊತ್ತಿಲ್ಲ. ನಾನು ತಪ್ಪು ಮಾಡಿದೆ, ಶ್ರೀ. ಅದಕ್ಕಿಂತ ದೊಡ್ಡ ತಪ್ಪು, ನಿನಗೆ ಸುಳ್ಳು ಹೇಳಿದ್ದು.

ಆ ದಿನ ತೆಗೆದವುಗಳಲ್ಲಿ ಒಂದು ಫೋಟೋ ನನಗೊಬ್ಬಳಿಗೇ ಗೊತ್ತು. ಅದನ್ನು ನಿನಗೆ ಕೊಡಲಾರೆ, ಹೇಳಬಲ್ಲೆ. ನಿಮ್ಮ ಮೇಲೆ ಅಕ್ಕಿಕಾಳು ಬಿದ್ದು ಸ್ವಲ್ಪ ಹೊತ್ತಾಗಿತ್ತು. ನೀರು ಕುಡಿಯಲು ಮಂಟಪದ ಹಿಂಬಾಗಿಲಿಗೆ ಹೋದೆ. ನೀರಿನ ಟಾಕಿಯ ಪಕ್ಕ ಬೋರಲು ಹಾಕಿದ ಒಂದು ಹಂಡೆಯ ಮೇಲೆ ಕಾಕಾ ಒಬ್ಬರೇ ಕೂತಿದ್ದರು. ಯಾರೋ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ತೊಡೆಯ ಮೇಲೆ ಪೇಪರಿನಲ್ಲಿ ನಿನ್ನ ಹಳೆಯ ಚಪ್ಪಲಿಗಳು. ಒಂದನ್ನು ಕೈಗೆ ತೆಗೆದುಕೊಂಡು ಉಂಗುಷ್ಟದ ಪಟ್ಟಿ ಗಟ್ಟಿಯಿದೆಯೇ ಎಂದು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದರು. ಅಳುತ್ತಿರಲಿಲ್ಲ. ಅಂಗಡಿಯಲ್ಲಿ ಚೀಲದ ಹೊಲಿಗೆ ನೋಡುವಾಗ ಇರುತ್ತಿತ್ತಲ್ಲ, ಅದೇ ಮುಖ. ನಾನು ಒತ್ತಿದ ಸದ್ದಿಗೆ ತಲೆ ಎತ್ತಿದರು. "ಹೊಸ ಚಪ್ಪಲಿ ಕಾಲ ಕಚ್ಚತಾವವ್ವ. ಇವನ್ನ ಆಕೀ ಚೀಲದಾಗ ತಳಕ್ಕ ಇಡ್ತೇನಿ. ಹೇಳಬ್ಯಾಡ, ನಗ್ತಾಳ" ಅಂದರು. ಬಾಗಲಕೋಟೆಗೆ ಹೋಗಿ ಚೀಲ ಬಿಚ್ಚಿದಾಗ ಅವು ಸಿಕ್ಕಿರಬೇಕು. ಅವ್ವ ಇಟ್ಟಳು ಎಂದುಕೊಂಡಿದ್ದೀಯೋ ಏನೋ. ಅವ್ವ ಅಲ್ಲ.

ನೀನು ಕಳಿಸಿದ ಕಾರ್ಡಿನ ಹಿಂದೆ ವಿಳಾಸ ನೋಡಿದೆ, ಕುಬಸವೂ ಅದೇ ಮಂಟಪದಲ್ಲಿ. ಇನ್ನು ನಿನ್ನ ಇಷ್ಟ. ಕ್ಯಾಮರಾ ಬೇಡ ಎಂದರೆ ತರುವುದಿಲ್ಲ. ಬರಬೇಡ ಎಂದರೂ ಬರುತ್ತೇನೆ, ಆ ಹಿಂಬಾಗಿಲಿಗೆ ನಿನ್ನನ್ನು ಕರೆದೊಯ್ದು ನಿನ್ನ ಅಪ್ಪ ಎಲ್ಲಿ ಕೂತಿದ್ದರು ಎಂದು ತೋರಿಸಿ ಹೋಗುತ್ತೇನೆ.

ಮು.